ಹಳೆಯ ಆಟದ ಲೋಕಕ್ಕೆ ಹೊಸ ಆಟಗಾರರು ಬಂದಾಗ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ ಹಳೆಯ ಲೋಕಗಳು ಈಚೆಗೆ ಒಂದರ ಹಿಂದೆ ಒಂದು ಮರಳಿ ಬಂದಿವೆ. 2021ರಲ್ಲಿ ರೇವನ್‌ಲಾಫ್ಟ್ ಬಂತು. 2022ರಲ್ಲಿ ಸ್ಪೆಲ್‌ಜಾಮರ್ ಮತ್ತು ಡ್ರ್ಯಾಗನ್‌ಲ್ಯಾನ್ಸ್, 2023ರಲ್ಲಿ ಪ್ಲೇನ್‌ಸ್ಕೇಪ್. 2024ರ ಡಂಜನ್ ಮಾಸ್ಟರ್ಸ್ ಗೈಡ್ ಎಂಬ ನಿಯಮ ಪುಸ್ತಕದಲ್ಲಿ ಗ್ರೇಹಾಕ್ ಲೋಕವನ್ನೇ ಮಾದರಿಯಾಗಿ ಕೊಟ್ಟಿದ್ದಾರೆ. ಇವೆಲ್ಲ 80–90ರ ದಶಕದಲ್ಲಿ ಹೆಸರು ಮಾಡಿದ ಲೋಕಗಳು. ಇವುಗಳಲ್ಲಿ ಕೆಲವು ಹೊಸಬರಿಗೂ ಹಿಡಿಸಿದವು. ಕೆಲವನ್ನು ಜನ ಓದಿ ಖುಷಿಪಟ್ಟರು, ಆದರೆ ಆಡಲು ಕೂತಾಗ ಅಷ್ಟು ರುಚಿಸಲಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅನ್ನುವುದೇ ಈ ಲೇಖನದ ವಿಷಯ.

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಒಂದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ. ಇಂಥ ಆಟದಲ್ಲಿ ನಾಲ್ಕೈದು ಜನ ಮೇಜಿನ ಸುತ್ತ ಕೂತು ಮಾತಿನಲ್ಲೇ ಒಂದು ಕಥೆ ಆಡುತ್ತಾರೆ. ಒಬ್ಬರು ಗೇಮ್ ಮಾಸ್ಟರ್, ಚಿಕ್ಕದಾಗಿ ಜಿಎಂ. ಊರು, ಕಾಡು, ಶತ್ರು, ಮಳೆ, ಬಿಸಿಲು ಎಲ್ಲವೂ ಅವರ ಕೈಯಲ್ಲಿ. ಉಳಿದವರಿಗೆ ತಲಾ ಒಂದು ಪಾತ್ರ. ‘ನಾನು ಈ ಗೋಡೆ ಹತ್ತುತ್ತೇನೆ’ ಎಂದು ಆಟಗಾರ ಹೇಳಿದರೆ, ಹತ್ತಿದನೋ ಬಿದ್ದನೋ ಎಂದು ದಾಳ ತೀರ್ಮಾನಿಸುತ್ತದೆ. ದಾಳ ಹೇಗೆ ಹಾಕಬೇಕು, ಎಷ್ಟು ಬಿದ್ದರೆ ಗೆಲುವು ಅನ್ನುವುದು ನಿಯಮ. ಕಥೆ ನಡೆಯುವ ಜಾಗ, ಅದರ ನಕ್ಷೆ, ರಾಜರು, ದೇವರುಗಳು, ಹಳೆಯ ಹಗೆಗಳು, ಇವೆಲ್ಲ ಸೇರಿ ಸೆಟ್ಟಿಂಗ್, ಅಂದರೆ ಆಟದ ಲೋಕ. ಒಂದೇ ನಿಯಮದಲ್ಲಿ ಬೇರೆ ಬೇರೆ ಲೋಕಗಳನ್ನು ಆಡಬಹುದು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಪ್ರಕಟಿಸಿದಾಗ ಪೆಟ್ಟಿಗೆಯಲ್ಲಿ ಇದ್ದದ್ದು ಹೆಚ್ಚೂಕಮ್ಮಿ ನಿಯಮಗಳೇ. ಲೋಕಗಳು ಅವರವರ ಮೇಜಿನ ಮೇಲಿದ್ದವು. ಆರ್ನೆಸನ್ ಆಡಿಸುತ್ತಿದ್ದದ್ದು ಬ್ಲ್ಯಾಕ್‌ಮೂರ್, ಗೈಗ್ಯಾಕ್ಸ್ ಆಡಿಸುತ್ತಿದ್ದದ್ದು ಗ್ರೇಹಾಕ್. ಗ್ರೇಹಾಕ್ ಒಂದು ಪೂರ್ತಿ ಲೋಕವಾಗಿ ಅಚ್ಚಾದದ್ದು 1980ರಲ್ಲಿ. ಅಲ್ಲಿಂದ ಮುಂದೆ ಈ ಆಟದ ಪ್ರಕಾಶಕರಾದ ಟಿಎಸ್‌ಆರ್ ಕಂಪನಿ ಸಾಲಾಗಿ ಲೋಕಗಳನ್ನು ಹೊರತಂದಿತು. 1997ರಲ್ಲಿ ಆ ಕಂಪನಿಯನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಕೊಂಡುಕೊಂಡಿತು. ಹೊತ್ತು ಹೋದಂತೆ ಹೆಚ್ಚಿನ ಲೋಕಗಳಿಗೆ ಹೊಸ ಪುಸ್ತಕ ಬರುವುದು ನಿಂತಿತು. ಅಭಿಮಾನಿಗಳು ಮಾತ್ರ ಆಡುವುದನ್ನು ಬಿಡಲಿಲ್ಲ.

ಹಳೆಯ ಲೋಕವನ್ನು ಮತ್ತೆ ಎತ್ತಿಕೊಂಡವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಮಾಹಿತಿ ಕೂಡಿಹಾಕುವುದು. ರಾಜವಂಶದ ಪಟ್ಟಿ, ಯುದ್ಧಗಳ ವರ್ಷ, ಊರುಗಳ ಹೆಸರು. ಪ್ರೀತಿ ಇದ್ದವರಿಗೆ ಇದು ಸಹಜ. ಆದರೆ ಹೊಸ ಆಟಗಾರನಿಗೆ ಆ ಪಟ್ಟಿಯಿಂದ ಏನೂ ಆಗುವುದಿಲ್ಲ. ಅವನ ಮುಂದೆ ಇರುವ ಪ್ರಶ್ನೆ ಒಂದೇ: ಈಗ ನಾನು ಏನು ಮಾಡಲಿ? ಆ ಪ್ರಶ್ನೆಗೆ ಬೇರೆ ಯಾವ ಲೋಕದಲ್ಲೂ ಸಿಗದ ಉತ್ತರ ಇಲ್ಲಿ ಸಿಗಬೇಕು. ನನ್ನ ಪ್ರಕಾರ ಒಂದು ಲೋಕದ ಜೀವ ಇರುವುದು ಅದು ಆಟಗಾರರ ತೀರ್ಮಾನಗಳ ಮೇಲೆ ಹಾಕುವ ಒತ್ತಡದಲ್ಲಿ. ಆ ಒತ್ತಡ ಯಾವುದು ಎಂದು ಹುಡುಕಿ ಉಳಿಸಿಕೊಂಡರೆ, ಉಳಿದದ್ದನ್ನು ಧೈರ್ಯವಾಗಿ ಬದಲಿಸಬಹುದು.

ಡಾರ್ಕ್ ಸನ್: ಒಂದು ಲೋಕವನ್ನು ಬಿಡಿಸಿ ನೋಡೋಣ

ಉದಾಹರಣೆಗೆ ನಾನು ಆರಿಸಿಕೊಳ್ಳುವುದು ಡಾರ್ಕ್ ಸನ್. 1991ರಲ್ಲಿ ಟ್ರಾಯ್ ಡೆನಿಂಗ್ ಮತ್ತು ಟಿಮೋತಿ ಬ್ರೌನ್ ಇದನ್ನು ರೂಪಿಸಿದರು. ಬ್ರಾಮ್ ಎಂಬ ಕಲಾವಿದರ ಚಿತ್ರಗಳು ಅದಕ್ಕೊಂದು ಮುಖ ಕೊಟ್ಟವು. ಅಥಾಸ್ ಎಂಬ ಮರಳುಗಾಡಿನ ಲೋಕ ಅದು. ಮಳೆ ಇಲ್ಲ, ದೇವರುಗಳಿಲ್ಲ, ಕಬ್ಬಿಣ ಕಾಣಸಿಗುವುದೇ ಅಪರೂಪ. ಒಂದೊಂದು ನಗರವನ್ನೂ ಒಬ್ಬ ಮಾಂತ್ರಿಕ ರಾಜನೋ ರಾಣಿಯೋ ಹಿಡಿದುಕೊಂಡಿದ್ದಾರೆ. ಈ ಲೋಕ ಬರಡಾದದ್ದೇ ಮಂತ್ರದಿಂದ. ಇಲ್ಲಿ ಮಾಂತ್ರಿಕರಿಗೆ ಶಕ್ತಿ ಸಿಗುವುದು ಗಿಡಮರಗಳ ಜೀವದಿಂದ. ಹುಷಾರಾಗಿ, ಬೇಕಷ್ಟೇ ತೆಗೆದುಕೊಳ್ಳುವವರು ಪ್ರಿಸರ್ವರ್‌ಗಳು. ಸುತ್ತಲಿನ ಹಸಿರನ್ನೆಲ್ಲ ಹೀರಿ ನೆಲವನ್ನು ಬೂದಿ ಮಾಡುವವರು ಡಿಫೈಲರ್‌ಗಳು.

ಇಷ್ಟು ಓದಿದರೆ ಒಳ್ಳೆಯ ಕಥೆಯ ಹಿನ್ನೆಲೆ ಅನ್ನಿಸುತ್ತದೆ, ಅಲ್ವಾ? ಆದರೆ 1991ರ ಪೆಟ್ಟಿಗೆಯ ಜಾಣತನ ಬೇರೆ ಕಡೆ ಇದೆ. ಅದು ಈ ಹಿನ್ನೆಲೆಯನ್ನು ನಿಯಮವಾಗಿ ಆಟಗಾರನ ಕೈಗೆ ಕೊಟ್ಟಿತು.

ದುಡ್ಡಿನ ವಿಷಯ ನೋಡಿ. ಅಥಾಸ್‌ನಲ್ಲಿ ಜನ ಬಳಸುವುದು ಸುಟ್ಟ ಮಣ್ಣಿನ ನಾಣ್ಯ. ಆಟದ ಮೂಲ ನಿಯಮ ಪುಸ್ತಕದಲ್ಲಿರುವ ವಸ್ತುಗಳಲ್ಲಿ ಲೋಹದ್ದಲ್ಲದ್ದು ಯಾವುದಿದ್ದರೂ ಬೆಲೆ ನೂರರಲ್ಲಿ ಒಂದು ಪಾಲು. ಲೋಹದ್ದಾದರೆ ಪೂರ್ತಿ ಚಿನ್ನದ ಬೆಲೆ. ಇದೊಂದೇ ಸಾಲಿನಿಂದ ಕಬ್ಬಿಣದ ಕತ್ತಿ ಒಂದು ಆಸ್ತಿಯಾಯಿತು. ಉಳಿದವರ ಕೈಯಲ್ಲಿ ಮೂಳೆ, ಕಲ್ಲು, ಮರದ ಆಯುಧ. ಅವು ಹೊಡೆದಾಟದ ನಡುವೆ ಮುರಿಯಬಹುದು. ಹಾಗಾಗಿ ಪ್ರತಿ ಹೊಡೆತಕ್ಕೂ ಮೊದಲು ಒಂದು ಸಣ್ಣ ಅಳುಕು. ಶತ್ರುವಿನ ಸೊಂಟದಲ್ಲಿ ಲೋಹದ ಚಾಕು ಹೊಳೆದರೆ ಇಡೀ ಮೇಜು ಅದರ ಕಡೆ ತಿರುಗುತ್ತದೆ. ಬೇರೆ ಲೋಕದಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ವಸ್ತು ಅದು.

ಡಿಫೈಲರ್ ವಿಷಯದಲ್ಲಿ ಇನ್ನೂ ಸೊಗಸಾದ ಒಂದು ಲೆಕ್ಕ ಇತ್ತು. ಆಗಿನ ನಿಯಮದಲ್ಲಿ ಪಾತ್ರ ಮೇಲಿನ ಹಂತಕ್ಕೆ ಏರಲು ಇಂತಿಷ್ಟು ಅನುಭವದ ಅಂಕ ಬೇಕಿತ್ತು. ಡಿಫೈಲರ್‌ಗೆ ಬೇಕಾದದ್ದು ಪ್ರಿಸರ್ವರ್‌ಗಿಂತ ಕಡಿಮೆ ಅಂಕ. ಲೋಕವನ್ನು ಹಾಳುಮಾಡಲು ಒಪ್ಪಿದವನು ಬೇಗ ಬಲಶಾಲಿಯಾಗುತ್ತಾನೆ. ‘ಅಡ್ಡದಾರಿಯಲ್ಲಿ ಆಸೆ ಇದೆ’ ಎಂದು ಪುಸ್ತಕ ಉಪದೇಶ ಮಾಡಲಿಲ್ಲ. ಆಸೆಯನ್ನೇ ತಟ್ಟೆಯಲ್ಲಿಟ್ಟು ಕೊಟ್ಟಿತು.

ಈಗ ಇದನ್ನು ಇಂದಿನ ಐದನೇ ಆವೃತ್ತಿಗೆ ತರಬೇಕು ಅಂದುಕೊಳ್ಳಿ. ಹಳೆಯ ಲೆಕ್ಕ ಹೊಸ ಲೆಕ್ಕಕ್ಕೆ ಬದಲಿಸುವುದು ದೊಡ್ಡ ಕೆಲಸ ಅಲ್ಲ. ಆಗ ಥಾಕೋ ಎಂಬ ಸಂಖ್ಯೆಯಿಂದ ಎದುರಾಳಿಯ ರಕ್ಷಣೆಯ ಸಂಖ್ಯೆಯನ್ನು ಕಳೆದು, ಎಷ್ಟು ಬೀಳಬೇಕು ಎಂದು ನೋಡುತ್ತಿದ್ದರು. 2000ದಲ್ಲಿ ಬಂದ ಮೂರನೇ ಆವೃತ್ತಿಯಿಂದ ಈಚೆಗೆ ದಾಳದ ಮೇಲೆ ಬಿದ್ದದ್ದಕ್ಕೆ ಕೂಡಿಸಿ ಗುರಿ ಮುಟ್ಟಿತೇ ಎಂದು ನೋಡುತ್ತಾರೆ. ಒಂದು ಸಂಜೆಯಲ್ಲಿ ಮುಗಿಯುವ ಕೆಲಸ. ನಿಜವಾದ ತೊಡಕು ಬೇರೆ ಕಡೆ ಇದೆ. ಹೊಸ ನಿಯಮಗಳು ಹಳೆಯ ಒತ್ತಡವನ್ನು ಸದ್ದಿಲ್ಲದೆ ಅಳಿಸಿಬಿಡುತ್ತವೆ.

ನೀರನ್ನೇ ತೆಗೆದುಕೊಳ್ಳಿ. ಮರಳುಗಾಡಿನ ಪ್ರಯಾಣದಲ್ಲಿ ನೀರು ಮುಗಿಯುವ ಭಯ ಇರಬೇಕು. ಎಷ್ಟು ಚರ್ಮದ ಚೀಲ ಹೊರೋಣ, ರಾತ್ರಿ ನಡೆಯೋಣವೇ, ದಾರಿಯಲ್ಲಿ ಸಿಕ್ಕ ಅಪರಿಚಿತನಿಗೆ ನೀರು ಕೊಡೋಣವೇ, ಇಂಥ ಮಾತುಗಳೇ ಆ ಆಟ. ಆದರೆ ಐದನೇ ಆವೃತ್ತಿಯ 2014ರ ನಿಯಮದಲ್ಲಿ ನೀರು ಸೃಷ್ಟಿಸುವ ಒಂದು ಮೊದಲ ಹಂತದ ಮಂತ್ರ ಇದೆ. ಒಂದು ಸಲಕ್ಕೆ 10 ಗ್ಯಾಲನ್ ನೀರು, ಅಂದರೆ ಸುಮಾರು 38 ಲೀಟರ್. ಗುಡ್‌ಬೆರಿ ಎಂಬ ಇನ್ನೊಂದು ಮೊದಲ ಹಂತದ ಮಂತ್ರ 10 ಹಣ್ಣು ಕೊಡುತ್ತದೆ, ಒಂದು ಹಣ್ಣು ಒಬ್ಬರ ದಿನದ ಹೊಟ್ಟೆಪಾಡು. ಔಟ್‌ಲ್ಯಾಂಡರ್ ಹಿನ್ನೆಲೆ ಆರಿಸಿಕೊಂಡ ಪಾತ್ರ ತನಗೂ ಇನ್ನು ಐದು ಜನರಿಗೂ ದಿನವೂ ಅನ್ನ ನೀರು ಹುಡುಕಬಲ್ಲದು, ಆ ನೆಲದಲ್ಲಿ ಅವು ಇದ್ದರೆ ಸಾಕು. ಇಷ್ಟು ಇದ್ದರೆ ಮರಳುಗಾಡು ಬರೀ ಹಳದಿ ಬಣ್ಣದ ನೆಲ. ಜಿಎಂ ಬಿಸಿಲನ್ನು ಎಷ್ಟೇ ಚೆನ್ನಾಗಿ ವರ್ಣಿಸಿದರೂ ಯಾರಿಗೂ ಬಾಯಾರುವುದಿಲ್ಲ.

ಹಾಗಾದರೆ ಆ ಮಂತ್ರಗಳನ್ನು ಕಿತ್ತುಹಾಕುವುದೇ? ಹಾಗೆ ಮಾಡಿದರೆ ಆಟಗಾರರಿಗೆ ಶಿಕ್ಷೆ ಕೊಟ್ಟಂತೆ ಅನ್ನಿಸಬಹುದು. ನನಗೆ ಹಿಡಿಸಿದ ದಾರಿ, ಅವನ್ನು ಇಟ್ಟುಕೊಂಡು ಬೆಲೆ ಕಟ್ಟುವುದು. ನೀರಿನ ಮಂತ್ರ ಹಾಕಬಹುದು, ಆದರೆ ಅದು ಎಲ್ಲಿಂದಲೋ ನೀರನ್ನು ಎಳೆದು ತರುತ್ತದೆ. ಹತ್ತಿರದ ಬಾವಿ ಬತ್ತುತ್ತದೆ. ಆ ಬಾವಿಯ ಊರಿನವರು ಮುಂದಿನ ವಾರ ಎದುರಾಗುತ್ತಾರೆ. ಆಟಗಾರನ ಆಯ್ಕೆ ಉಳಿಯಿತು, ಲೋಕದ ಒತ್ತಡವೂ ಉಳಿಯಿತು. ಇದು ಅಥಾಸ್‌ನ ಹಳೆಯ ಪುಸ್ತಕಗಳಿಂದ ಎತ್ತಿದ್ದಲ್ಲ. ಆದರೂ ಆ ಪುಸ್ತಕಗಳ ಸ್ವಭಾವಕ್ಕೆ ಹೊಂದುತ್ತದೆ.

ಡಿಫೈಲಿಂಗ್‌ಗೂ ಇದೇ ಮಾತು. ಇಂದಿನ ಆಟದಲ್ಲಿ ಎಲ್ಲರೂ ಒಟ್ಟಿಗೇ ಹಂತ ಏರುತ್ತಾರೆ. ಒಬ್ಬನಿಗೆ ಮಾತ್ರ ಬೇಗ ಏರಲು ಬಿಟ್ಟರೆ ಮೇಜಿನಲ್ಲಿ ಬೇಸರ ಹುಟ್ಟುತ್ತದೆ. 2010ರಲ್ಲಿ ನಾಲ್ಕನೇ ಆವೃತ್ತಿಗೆ ಡಾರ್ಕ್ ಸನ್ ಮರಳಿದಾಗ ವಿನ್ಯಾಸಕಾರರು ಇದಕ್ಕೆ ಒಳ್ಳೆಯ ಪರಿಹಾರ ಕಂಡುಕೊಂಡರು. ಮಾಂತ್ರಿಕ ತನ್ನ ದೊಡ್ಡ ಮಂತ್ರ ಹಾಕಿದಾಗ ದಾಳ ಕೈಕೊಟ್ಟರೆ, ಡಿಫೈಲ್ ಮಾಡಿ ಮತ್ತೊಮ್ಮೆ ಹಾಕಬಹುದು. ಬದಲಿಗೆ ಹತ್ತಿರ ಇರುವ ಜೊತೆಗಾರರಿಗೇ ಪೆಟ್ಟಾಗುತ್ತದೆ. 1991ರ ಲೆಕ್ಕ ಪೂರ್ತಿ ಹೋಯಿತು. ಆದರೆ ಆಸೆ ಹಾಗೇ ಉಳಿಯಿತು, ಇನ್ನೂ ಹರಿತವಾಗಿ. ಹಳೆಯ ಲೋಕವನ್ನು ಹೊಸ ನಿಯಮಕ್ಕೆ ತರುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವ ಮೊದಲ ಉದಾಹರಣೆ ಇದೇ.

ಮೇಜಿನಲ್ಲಿ ಅದು ಹೀಗೆ ಕಾಣುತ್ತದೆ. ಗೆಳೆಯ ನೆಲಕ್ಕೆ ಬಿದ್ದಿದ್ದಾನೆ. ಮಾಂತ್ರಿಕಳ ದಾಳದಲ್ಲಿ 3 ಬಿದ್ದಿದೆ. ಜಿಎಂ ಮೆಲ್ಲಗೆ ಹೇಳುತ್ತಾರೆ: ‘ಓಯಸಿಸ್ ಸುತ್ತ ಇರುವ ಈ ಗಿಡಗಳನ್ನು ಹೀರಿಕೊಂಡರೆ ಇನ್ನೊಂದು ಸಲ ದಾಳ ಹಾಕಬಹುದು. ಇಲ್ಲಿ ನೀರು ಕುಡಿಯಲು ಬಂದ ಜನ ನಿಮ್ಮನ್ನೇ ನೋಡುತ್ತಿದ್ದಾರೆ.’ ಆಟಗಾರ್ತಿ ಎಷ್ಟು ಹೊತ್ತು ಯೋಚಿಸುತ್ತಾಳೆ ನೋಡಿ. ಅಥಾಸ್‌ನ ಇತಿಹಾಸದ ಒಂದು ಸಾಲನ್ನೂ ಅವಳು ಓದಿಲ್ಲ. ಆದರೂ ಆ ಲೋಕ ಹೇಗೆ ಹಾಳಾಯಿತು ಎಂದು ಅವಳಿಗೆ ಈಗ ಗೊತ್ತು.

ಹಳೆಯ ಪೆಟ್ಟಿಗೆಯ ಇನ್ನೊಂದು ಸಂಗತಿ ಹೇಳಲೇಬೇಕು, ಅದನ್ನು ಇಂದಿನವರು ಮರೆತೇಬಿಟ್ಟಿದ್ದಾರೆ. ಅಥಾಸ್‌ನಲ್ಲಿ ಸಾವು ಜಾಸ್ತಿ. ಹಾಗಾಗಿ ಪ್ರತಿ ಆಟಗಾರ ನಾಲ್ಕು ಪಾತ್ರಗಳನ್ನು ಮಾಡಿಟ್ಟುಕೊಳ್ಳುತ್ತಿದ್ದ. ಆಡುವುದು ಒಂದನ್ನು, ಉಳಿದ ಮೂರು ಕಾಯುತ್ತಿರುತ್ತವೆ. ಇದಕ್ಕೆ ಕ್ಯಾರೆಕ್ಟರ್ ಟ್ರೀ ಎಂದು ಹೆಸರು. ಆಡುವ ಪಾತ್ರ ಹಂತ ಏರಿದಾಗ ಕಾಯುತ್ತಿರುವ ಒಂದು ಪಾತ್ರವೂ ಏರುತ್ತದೆ. ಇಂದಿನ ಆಟಗಾರರು ತಮ್ಮ ಪಾತ್ರವನ್ನು ತುಂಬ ಹಚ್ಚಿಕೊಳ್ಳುತ್ತಾರೆ, ಅದರ ಬಾಲ್ಯದ ಕಥೆಯನ್ನೂ ಬರೆದು ತರುತ್ತಾರೆ. ಅಂಥವರ ಪಾತ್ರ ಮೂರನೇ ವಾರಕ್ಕೇ ಸತ್ತರೆ ಆಟದ ಮೇಲೇ ಮನಸ್ಸು ಹೋಗದು. ಟ್ರೀ ಇದ್ದರೆ ಸಾವಿನ ನೋವು ಇರುತ್ತದೆ, ಆಟ ನಿಲ್ಲುವುದಿಲ್ಲ. ನಾಲ್ಕು ಪಾತ್ರಗಳೂ ಒಂದೇ ಮನೆತನದವು ಅಥವಾ ಒಂದೇ ಬಿಡಾರದವು ಎಂದು ಮಾಡಿದರೆ ಇನ್ನೂ ಚೆನ್ನ. ಸತ್ತವನ ಸೇಡು ತೀರಿಸಲು ಬರುವವಳು ಅವನ ತಂಗಿಯೇ ಆಗಿರುತ್ತಾಳೆ.

ಸ್ಪೆಲ್‌ಜಾಮರ್‌ನಲ್ಲಿ ಆದದ್ದು ಇದರ ವಿರುದ್ಧ. 1989ರ ಆ ಲೋಕದ ವಿಶೇಷ ಅಂದರೆ ಆಕಾಶದಲ್ಲಿ ತೇಲುವ ಹಡಗು. ಹಡಗೇ ಮನೆ, ಹಡಗೇ ಆಯುಧ, ಅದರ ಸುತ್ತ ಅಂಟಿಕೊಂಡ ಗಾಳಿಯೇ ಉಸಿರು. 2022ರಲ್ಲಿ ಅದು 64 ಪುಟಗಳ ಮೂರು ಪುಸ್ತಕಗಳಾಗಿ ಬಂತು. ಚಿತ್ರಗಳು ಅದ್ಭುತ. ಆದರೆ ಹಡಗು ಹಡಗಿನ ಕಾಳಗಕ್ಕೆ ಸಿಕ್ಕ ನಿಯಮ ತೀರಾ ತೆಳು. ಹತ್ತಿರ ಹೋಗಿ ಎದುರಾಳಿಯ ಹಡಗಿಗೆ ಹಾರಿ ಹೊಡೆದಾಡಿ ಅನ್ನುವ ಮಟ್ಟಿಗೆ ನಿಲ್ಲುತ್ತದೆ. ಹಾಗೆ ಹೊಡೆದಾಡಲು ಹಡಗೇ ಬೇಕಿಲ್ಲ, ಯಾವ ಲೋಕದ ಯಾವ ಅಂಗಳವಾದರೂ ಸಾಕು. ಹಳಬರಿಗೆ ಬೇಸರವಾದದ್ದರಲ್ಲಿ ಆಶ್ಚರ್ಯವಿಲ್ಲ.

ಗಡಿಯಾರವನ್ನು ಎಲ್ಲಿ ನಿಲ್ಲಿಸಬೇಕು?

ಎರಡನೇ ದೊಡ್ಡ ತೀರ್ಮಾನ ಕಾಲದ್ದು. ಹಳೆಯ ಲೋಕಗಳು ಪುಸ್ತಕದಿಂದ ಪುಸ್ತಕಕ್ಕೆ ಮುಂದೆ ನಡೆದಿವೆ. ಕಾದಂಬರಿಗಳು ಬಂದವು, ರಾಜರು ಸತ್ತರು, ದೇಶಗಳು ಬದಲಾದವು. ಹೀಗೆ ಪ್ರಕಾಶಕರೇ ಮುಂದೆ ಸಾಗಿಸುವ ಕಥೆಗೆ ಆಟದವರು ಮೆಟಾಪ್ಲಾಟ್ ಅನ್ನುತ್ತಾರೆ. ಹೊಸಬ ಈಗ ಬಂದರೆ ಅವನನ್ನು ಯಾವ ವರ್ಷದಲ್ಲಿ ಇಳಿಸಬೇಕು?

ಡಾರ್ಕ್ ಸನ್‌ನಲ್ಲಿ ಇದು ಆರಂಭದಲ್ಲೇ ಎಡವಟ್ಟಾಯಿತು. ಟೀರ್ ನಗರದ ಮಾಂತ್ರಿಕ ರಾಜ ಕಾಲಕ್. ಗುಲಾಮರ ಬೆವರಿನಿಂದ ಅವನು ದೊಡ್ಡ ಜಿಗುರಾಟ್, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗೋಪುರ, ಕಟ್ಟಿಸುತ್ತಿರುತ್ತಾನೆ. ಲೋಕ ಪ್ರಕಟವಾದ ವರ್ಷವೇ ಬಂದ ಮೊದಲ ಕಾದಂಬರಿಯಲ್ಲಿ ಅವನು ಸಾಯುತ್ತಾನೆ. ಅದೇ ಹೊತ್ತಿಗೆ ಬಂದ ‘ಫ್ರೀಡಂ’ ಎಂಬ ಸಾಹಸ ಪುಸ್ತಕದಲ್ಲಿ (ಅಂದರೆ ಆಡಲು ಸಿದ್ಧಮಾಡಿ ಕೊಟ್ಟ ಕಥೆಯಲ್ಲಿ) ಆಟಗಾರರು ಆ ಜಿಗುರಾಟ್‌ನಲ್ಲಿ ದುಡಿಯುವ ಗುಲಾಮರು. ಕಥೆಯ ಕೊನೆಗೆ ಕಾಲಕ್ ಬೀಳುತ್ತಾನೆ, ಆದರೆ ಬೀಳಿಸುವವರು ಕಾದಂಬರಿಯ ನಾಯಕರು. ಆಟಗಾರರು ಪಕ್ಕದಲ್ಲಿ ನಿಂತು ನೋಡಬೇಕು. ಮುಂದಿನ ಕಾದಂಬರಿಗಳಲ್ಲಿ ಇನ್ನೂ ಹಲವು ಮಾಂತ್ರಿಕ ರಾಜರು ಸತ್ತರು. 1995ರ ಪರಿಷ್ಕೃತ ಪೆಟ್ಟಿಗೆ ಬರುವ ಹೊತ್ತಿಗೆ ಆ ಲೋಕದ ದೊಡ್ಡ ಕೆಲಸಗಳನ್ನು ಬೇರೆಯವರು ಮಾಡಿ ಮುಗಿಸಿದ್ದರು.

2010ರಲ್ಲಿ ಮಾಡಿದ ಬದಲಾವಣೆ ಸರಳ. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ, ಕಾಲಕ್ ಆಗಷ್ಟೇ ಸತ್ತ ಹೊತ್ತಿಗೆ ನಿಲ್ಲಿಸಿದರು. ಉಳಿದ ರಾಜರೆಲ್ಲ ಬದುಕಿದ್ದಾರೆ. ಒಂದು ನಗರಕ್ಕೆ ಮಾತ್ರ ಬಿಡುಗಡೆ ಸಿಕ್ಕಿದೆ, ಅದು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಆಟ ಶುರುಮಾಡಲು ಇದಕ್ಕಿಂತ ಒಳ್ಳೆಯ ಘಳಿಗೆ ಇರಲಾರದು.

ಟ್ರಾವೆಲರ್ ಎಂಬ ಅಂತರಿಕ್ಷದ ಆಟದ ಕಥೆಯೂ ಹೀಗೇ. 1977ರಲ್ಲಿ ಶುರುವಾದ ಆ ಆಟಕ್ಕೆ ಥರ್ಡ್ ಇಂಪೀರಿಯಮ್ ಎಂಬ ದೊಡ್ಡ ಸಾಮ್ರಾಜ್ಯದ ಹಿನ್ನೆಲೆ ಬೆಳೆಯಿತು. 1987ರ ಆವೃತ್ತಿಯಲ್ಲಿ ಚಕ್ರವರ್ತಿಯ ಕೊಲೆಯಾಗಿ ಸಾಮ್ರಾಜ್ಯ ಒಡೆಯಿತು. 1993ರ ಆವೃತ್ತಿಯಲ್ಲಿ ಒಂದು ವೈರಸ್ ಬಂದು ಉಳಿದದ್ದನ್ನೂ ಧೂಳು ಮಾಡಿತು. 1998ರಲ್ಲಿ ಇನ್ನೊಂದು ಪ್ರಕಾಶನ, ಆ ಕೊಲೆಯೇ ನಡೆಯದ ಬೇರೊಂದು ಇತಿಹಾಸ ಹಿಡಿದು ಹೊಸ ಪುಸ್ತಕ ತಂದಿತು. 2008ರಲ್ಲಿ ಮಂಗೂಸ್ ಪ್ರಕಾಶನ ಟ್ರಾವೆಲರ್ ಅನ್ನು ಮತ್ತೆ ತಂದಾಗ ಲೋಕವನ್ನು ಸಾಮ್ರಾಜ್ಯ ಗಟ್ಟಿಯಾಗಿದ್ದ ಹಳೆಯ ಕಾಲಕ್ಕೇ ಕರೆದೊಯ್ದಿತು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಫರ್ಗಾಟನ್ ರೆಲ್ಮ್ಸ್ ಲೋಕವನ್ನು 2008ರಲ್ಲಿ ಸುಮಾರು 100 ವರ್ಷ ಮುಂದಕ್ಕೆ ನೂಕಿದರು, ಬಹಳ ಜನರಿಗೆ ಅದು ಇಷ್ಟವಾಗಲಿಲ್ಲ. 2024ರ ಗ್ರೇಹಾಕ್ ನಿಂತಿರುವುದು ಆ ಲೋಕದ 576ನೇ ವರ್ಷದಲ್ಲಿ. 1983ರ ಪೆಟ್ಟಿಗೆಯೂ ಅದೇ ವರ್ಷದಲ್ಲಿತ್ತು. 1991ರಲ್ಲಿ ಪ್ರಕಟವಾದ ದೊಡ್ಡ ಯುದ್ಧ ಈ ಲೆಕ್ಕದಲ್ಲಿ ಇನ್ನೂ ನಡೆದೇ ಇಲ್ಲ.

ಶುರುವಿನಿಂದಲೇ ಎಚ್ಚರವಹಿಸಿದ್ದು ಅದೇ ಆಟದ ಇನ್ನೊಂದು ಲೋಕ ಎಬೆರಾನ್. 2002ರಲ್ಲಿ ವಿಝರ್ಡ್ಸ್ ಕಂಪನಿ ಹೊಸ ಲೋಕಕ್ಕಾಗಿ ಸ್ಪರ್ಧೆ ಇಟ್ಟಾಗ 11,000ಕ್ಕೂ ಹೆಚ್ಚು ಪ್ರಸ್ತಾವಗಳು ಬಂದವು. ಗೆದ್ದವರು ಕೀತ್ ಬೇಕರ್. 2004ರಲ್ಲಿ ಪುಸ್ತಕ ಬಂತು. ಆ ಲೋಕದಲ್ಲಿ ಶತಮಾನದ ಯುದ್ಧ ಮುಗಿದು ಎರಡು ವರ್ಷ ಆಗಿದೆ, ವರ್ಷ 998. ಅದಾದ ಮೇಲೆ ಎಷ್ಟು ಆವೃತ್ತಿ ಬಂದರೂ ಆಟ ಶುರುವಾಗುವುದು 998ರಲ್ಲೇ. ಒಂದು ಇಡೀ ದೇಶ ಒಂದೇ ದಿನದಲ್ಲಿ ನಾಶವಾದದ್ದು ಹೇಗೆ ಅನ್ನುವ ದೊಡ್ಡ ಗುಟ್ಟನ್ನೂ ಬೇಕಂತಲೇ ಬಿಡಿಸಿಲ್ಲ. ಅದು ಪ್ರತಿ ಜಿಎಂಗೆ ಬಿಟ್ಟದ್ದು. ಈ ಸಂಯಮದಿಂದಾಗಿ ಎಬೆರಾನ್‌ಗೆ ಹೊಸಬ ಯಾವಾಗ ಬಂದರೂ ತಡವಾಯಿತು ಅನ್ನಿಸುವುದಿಲ್ಲ.

ಹಾಗಾಗಿ ನನ್ನ ಸಲಹೆ ಖಚಿತ: ದೊಡ್ಡ ಕೆಲಸಗಳು ಇನ್ನೂ ಬಾಕಿ ಇರುವ ವರ್ಷಕ್ಕೆ ಗಡಿಯಾರ ತಿರುಗಿಸಿ. ಕಾದಂಬರಿಯ ನಾಯಕರು ಬೇಕಿದ್ದರೆ ಇರಲಿ, ಆದರೆ ಬೇರೆ ಊರಲ್ಲಿ.

ಏನನ್ನು ಬಿಡಬೇಕು

ಹಳೆಯ ಪುಸ್ತಕಗಳಲ್ಲಿ ಇಂದು ಓದುವಾಗ ಚುಚ್ಚುವ ಸಂಗತಿಗಳಿವೆ. ರೇವನ್‌ಲಾಫ್ಟ್‌ನ ವಿಸ್ತಾನಿ ಜನರನ್ನು ಚಿತ್ರಿಸಿದ್ದು ರೋಮಾ (ಜಿಪ್ಸಿ ಎಂದು ಕರೆಯುತ್ತಿದ್ದ) ಜನರ ಬಗ್ಗೆ ಯುರೋಪಿನಲ್ಲಿದ್ದ ಕೆಟ್ಟ ಕಲ್ಪನೆಗಳನ್ನು ಹಿಡಿದು: ಕುಡುಕರು, ಕಳ್ಳರು, ಶಾಪ ಹಾಕುವವರು. 2016ರ ರೇವನ್‌ಲಾಫ್ಟ್ ಸಾಹಸದಲ್ಲೂ ಅದರ ನೆರಳಿತ್ತು. 2020ರಲ್ಲಿ ಆ ಭಾಗಗಳನ್ನು ತಿದ್ದಿದರು, 2021ರ ಪುಸ್ತಕದಲ್ಲಿ ವಿಸ್ತಾನಿಗಳನ್ನು ಹೊಸದಾಗಿ ಬರೆದರು. ಅದೇ ಪುಸ್ತಕದಲ್ಲಿ ಭಾರತದ ಛಾಯೆಯ ಹಳೆಯ ಶ್ರೀ ರಾಜಿ ಎಂಬ ಸೀಮೆ ಹೋಗಿ ಕಾಲಕೇರಿ ಬಂತು, ಬರೆದವರು ಅಜಿತ್ ಜಾರ್ಜ್. ಕಾಲಕೇರಿಯ ಕಥೆ ಸಿಂಹಾಸನಕ್ಕಾಗಿ ಒಡಹುಟ್ಟಿದವರ ನಡುವೆ ನಡೆಯುವ ಮುಗಿಯದ ಯುದ್ಧ. ಹೊರಗಿನವರ ಕಣ್ಣಿಗೆ ವಿಚಿತ್ರವಾಗಿ ಕಾಣುವ ದೇಶದ ಬದಲು, ಒಳಗೆ ನಿಂತು ಪಕ್ಷ ವಹಿಸಬೇಕಾದ ದೇಶ. ತಿದ್ದುಪಡಿಯಿಂದ ಆಟವೂ ಗಟ್ಟಿಯಾಯಿತು ಅನ್ನುವುದಕ್ಕೆ ಇದು ಸಾಕ್ಷಿ.

ತಪ್ಪು ಹಳೆಯದರಲ್ಲೇ ಇರುತ್ತದೆ ಅಂದುಕೊಳ್ಳುವ ಹಾಗಿಲ್ಲ. ಸ್ಪೆಲ್‌ಜಾಮರ್‌ನಲ್ಲಿ ಹಾಡೋಝೀ ಎಂಬ ಮಂಗನ ರೂಪದ ನಾವಿಕರಿದ್ದಾರೆ. 2022ರಲ್ಲಿ ಅವರಿಗೊಂದು ಹೊಸ ಮೂಲಕಥೆ ಸೇರಿಸಿದರು: ಒಬ್ಬ ಮಾಂತ್ರಿಕ ಅವರನ್ನು ಹಿಡಿದು, ಬುದ್ಧಿ ಬರಿಸಿ, ಮಾರಲು ಹೊರಟ, ಅವನ ಶಿಷ್ಯರು ಬಿಡಿಸಿದರು. ಕಪ್ಪು ಜನರ ಬಗ್ಗೆ ಚಾಲ್ತಿಯಲ್ಲಿದ್ದ ಜನಾಂಗೀಯ ಕಲ್ಪನೆಗಳನ್ನೇ ಇದು ನೆನಪಿಸುತ್ತದೆ ಎಂದು ಓದುಗರು ಎತ್ತಿ ತೋರಿಸಿದರು. ಸೆಪ್ಟೆಂಬರ್‌ನಲ್ಲಿ ಕಂಪನಿ ಕ್ಷಮೆ ಕೇಳಿ ಆ ಭಾಗ ತೆಗೆಯಿತು. ಹೊಸದಾಗಿ ಸೇರಿಸುವಾಗಲೂ ಹಳೆಯದನ್ನು ತೂಗಿದಷ್ಟೇ ಎಚ್ಚರದಿಂದ ತೂಗಬೇಕು.

ಡಾರ್ಕ್ ಸನ್‌ನ ಗುಲಾಮಗಿರಿ ಎಲ್ಲಕ್ಕಿಂತ ಕಷ್ಟದ ವಿಷಯ. ಅದನ್ನು ಪೂರ್ತಿ ಅಳಿಸಿದರೆ ಮಾಂತ್ರಿಕ ರಾಜರು ಯಾಕೆ ಕೆಟ್ಟವರು ಅನ್ನುವುದೇ ಮಸುಕಾಗುತ್ತದೆ. ಹಾಗೇ ಬಿಟ್ಟರೆ, ಬೆಲೆಪಟ್ಟಿಯಲ್ಲಿ ಮನುಷ್ಯರನ್ನು ಇಟ್ಟು ಆಡುವ ಅಪಾಯ ಇದೆ. ನಾನು ಗೆರೆ ಎಳೆಯುವುದು ಇಲ್ಲಿ: ದಬ್ಬಾಳಿಕೆ ಲೋಕದಲ್ಲಿ ಇರಬಹುದು, ಅದನ್ನು ಒಡೆಯುವ ದಾರಿಯೂ ಆಟಗಾರರ ಕೈಯಲ್ಲಿ ಇರಬೇಕು. ಕೊಳ್ಳುವ, ಮಾರುವ ಕಡೆಗೆ ನಿಲ್ಲುವ ಆಯ್ಕೆ ಆಟದಲ್ಲಿ ಇರುವುದೇ ಬೇಡ. ಅದಕ್ಕೂ ಮೊದಲು ಆಡುವವರನ್ನು ಕೇಳಬೇಕು. ಮೊದಲ ಆಟಕ್ಕೆ ಮುಂಚೆ ಎಲ್ಲರೂ ಕೂತು ಮಾತಾಡುವ ಪದ್ಧತಿಗೆ ಸೆಷನ್ ಝೀರೋ ಅನ್ನುತ್ತಾರೆ. ಯಾವುದು ನಮ್ಮ ಆಟದಲ್ಲಿ ಬರಲೇಬಾರದು, ಯಾವುದು ಬಂದರೂ ವಿವರ ಬೇಡ ಎಂದು ಅಲ್ಲೇ ತೀರ್ಮಾನಿಸುತ್ತಾರೆ. ಆಟದ ನಡುವೆ ಯಾರಿಗಾದರೂ ಕಷ್ಟವಾದರೆ ಮುಟ್ಟಿ ತೋರಿಸಲು ಎಕ್ಸ್ ಕಾರ್ಡ್ ಎಂಬ ಒಂದು ಚೀಟಿಯನ್ನು ಮೇಜಿನ ಮೇಲೆ ಇಡುವುದೂ ಈಗ ಸಾಮಾನ್ಯ. ಅಥಾಸ್‌ನಂಥ ಲೋಕಕ್ಕೆ ಇವು ಬೇಕೇ ಬೇಕು.

ತಿದ್ದಿ ಸರಿಮಾಡಲು ಆಗದ್ದೂ ಇದೆ. 1975ರಲ್ಲಿ ಬಂದ ಟೆಕುಮೆಲ್ ತುಂಬ ಆಳವಾದ ಲೋಕ, ಅದಕ್ಕೆ ಸ್ವಂತ ಭಾಷೆಗಳೇ ಇವೆ. ಕಟ್ಟಿದವರು ಎಂ.ಎ.ಆರ್. ಬಾರ್ಕರ್ ಎಂಬ ಭಾಷಾ ವಿದ್ವಾಂಸ. ಅವರು 1991ರಲ್ಲಿ ಬೇರೆ ಹೆಸರಿನಲ್ಲಿ ನಾಝಿ ವಿಚಾರದ ಕಾದಂಬರಿ ಬರೆದಿದ್ದರು ಎಂದು 2022ರಲ್ಲಿ ಆ ಲೋಕದ ಹಕ್ಕು ನೋಡಿಕೊಳ್ಳುವ ಸಂಸ್ಥೆಯೇ ಒಪ್ಪಿಕೊಂಡಿತು. ಇಲ್ಲಿ ಒಂದೆರಡು ಪ್ಯಾರಾ ತಿದ್ದಿದರೆ ಆಗುವುದಿಲ್ಲ. ಆ ಲೋಕಕ್ಕೆ ಕಾಲಿಡಬೇಕೋ ಬೇಡವೋ ಅನ್ನುವುದನ್ನು ಎಲ್ಲ ತಿಳಿದ ಮೇಲೆ ಆಡುವವರೇ ನಿರ್ಧರಿಸಬೇಕು. ತಿಳಿಸದೆ ಕರೆತರುವುದು ಮಾತ್ರ ತಪ್ಪು.

ಎಷ್ಟು ಹೇಳಬೇಕು, ಹೇಗೆ ಹೇಳಬೇಕು

ಹೊಸ ಆಟಗಾರರಿಗೆ ಮೊದಲ ದಿನ ಕೊಡಬೇಕಾದದ್ದು ಅರ್ಧ ಪುಟ. ಅಥಾಸ್‌ಗೆ ನಾನಾದರೆ ಹೀಗೆ ಬರೆಯುತ್ತೇನೆ:

‘ಅಥಾಸ್ ಸಾಯುತ್ತಿರುವ ಲೋಕ. ಮಂತ್ರ ಗಿಡಮರಗಳ ಜೀವ ತಿನ್ನುತ್ತದೆ. ಈ ಮರಳುಗಾಡು ಆದದ್ದೇ ಹಾಗೆ. ನಿಮ್ಮ ಕತ್ತಿ ಮೂಳೆಯದು, ಯಾವಾಗ ಬೇಕಾದರೂ ಮುರಿಯಬಹುದು. ನೀರನ್ನು ಅಳೆದು ಕುಡಿಯಬೇಕು. ದೇವರುಗಳಿಲ್ಲ, ಸಾವಿರಾರು ವರ್ಷ ಬದುಕಿದ ಮಾಂತ್ರಿಕ ರಾಜರಿದ್ದಾರೆ. ಅವರನ್ನು ಯಾರೂ ಕೊಲ್ಲಲಾರರು ಎಂದು ಎಲ್ಲರೂ ನಂಬಿದ್ದರು. ಕಳೆದ ತಿಂಗಳು ಟೀರ್ ನಗರದಲ್ಲಿ ಒಬ್ಬ ಸತ್ತ. ನೀವು ಈಗ ಟೀರ್‌ನಲ್ಲಿದ್ದೀರಿ.’

ಇದರಲ್ಲಿ ಪ್ರತಿ ವಾಕ್ಯವೂ ಆಟಗಾರ ಮುಂದೆ ಮಾಡಲಿರುವ ಏನಾದರೊಂದನ್ನು ಬದಲಿಸುತ್ತದೆ. ಬದಲಿಸದ ವಾಕ್ಯ ಮೊದಲ ದಿನಕ್ಕೆ ಬೇಡ. ಸಾವಿರ ವರ್ಷ ಹಿಂದಿನ ಯುದ್ಧಗಳ ಹೆಸರು ಜಿಎಂ ಹತ್ತಿರ ಇರಲಿ, ಪಾಳುಬಿದ್ದ ಗೋಡೆಯ ಮೇಲಿನ ಬರಹವಾಗಿ ಮುಂದೆ ಯಾವಾಗಲೋ ಬರಲಿ.

ಇತಿಹಾಸವೇ ಜೀವಾಳವಾಗಿರುವ ಲೋಕಗಳೂ ಇವೆ, ಅಲ್ಲಿ ಅರ್ಧ ಪುಟ ಸಾಲದು. ಗ್ರೆಗ್ ಸ್ಟಾಫರ್ಡ್ ಕಟ್ಟಿದ ಗ್ಲೋರಾಂಥಾ ಅಂಥದ್ದು. 1975ರಲ್ಲಿ ಒಂದು ಬೋರ್ಡ್ ಗೇಮ್ ಮೂಲಕ ಹೊರಬಂದ ಆ ಲೋಕ 1978ರ ರೂನ್‌ಕ್ವೆಸ್ಟ್ ಆಟದಿಂದ ಬೆಳೆಯಿತು. ಅದರ ಪುರಾಣಗಳು ಒಬ್ಬರ ಓದಿಗೆ ಮುಗಿಯುವಂಥವಲ್ಲ. 2018ರಲ್ಲಿ ಹೊಸ ರೂನ್‌ಕ್ವೆಸ್ಟ್ ಬಂದಾಗ ಇದಕ್ಕೆ ಒಂದು ದಾರಿ ಮಾಡಿದರು. ಪಾತ್ರ ರೂಪಿಸುವಾಗಲೇ ಆಟಗಾರ ದಾಳ ಹಾಕಿ, ತನ್ನ ಅಜ್ಜನೋ ಅಜ್ಜಿಯೋ ಯಾವ ಯುದ್ಧದಲ್ಲಿದ್ದರು, ತಂದೆಯೋ ತಾಯಿಯೋ ಯಾರಿಗಾಗಿ ಸತ್ತರು, ತಾನು ಎಲ್ಲಿ ಗಾಯಗೊಂಡೆ ಎಂದು ಕಂಡುಕೊಳ್ಳುತ್ತಾನೆ. ಅದಕ್ಕೆ ತಕ್ಕ ದ್ವೇಷ, ನಿಷ್ಠೆಗಳು ಅಂಕಗಳಾಗಿ ಹಾಳೆಯ ಮೇಲೆ ಕೂರುತ್ತವೆ. ಆಟ ಶುರುವಾಗುವ ಹೊತ್ತಿಗೆ ಎರಡು ತಲೆಮಾರಿನ ಇತಿಹಾಸ ಅವನಿಗೆ ಗೊತ್ತಾಗಿರುತ್ತದೆ, ಪಾಠವಾಗಿ ಅಲ್ಲ, ಮನೆಯ ಕಥೆಯಾಗಿ. ಯಾವ ಲೋಕಕ್ಕಾದರೂ ಇದನ್ನು ಎರವಲು ಪಡೆಯಬಹುದು. ಎಬೆರಾನ್‌ನ ಯುದ್ಧದಲ್ಲಿ ನಿಮ್ಮ ಅಣ್ಣ ಯಾವ ಕಡೆ ಇದ್ದ? ಆರು ಸಾಲುಗಳ ಒಂದು ಪಟ್ಟಿ, ಒಂದು ದಾಳ, ಅಷ್ಟು ಸಾಕು.

ಇನ್ನು ಹಕ್ಕುಗಳ ಮಾತು, ಚಿಕ್ಕದಾಗಿ. ಮನೆಯ ಮೇಜಿನಲ್ಲಿ ಆಡಲು ಯಾರ ಅನುಮತಿಯೂ ಬೇಡ. ಬರೆದು ಪ್ರಕಟಿಸುವುದಾದರೆ ಯೋಚಿಸಬೇಕು. ಜನವರಿ 2023ರಲ್ಲಿ, ಆಟದ ನಿಯಮಗಳನ್ನು ಬೇರೆಯವರು ಬಳಸುವ ಲೈಸೆನ್ಸ್ ಬಗ್ಗೆ ವಿವಾದ ಎದ್ದ ಮೇಲೆ, ಐದನೇ ಆವೃತ್ತಿಯ ಮೂಲ ನಿಯಮಗಳ ಎಸ್‌ಆರ್‌ಡಿ 5.1 ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಅಡಿ ಬಿಡುಗಡೆ ಮಾಡಿದರು. ಹೆಸರು ಸೂಚಿಸಿದರೆ ಯಾರಾದರೂ ಬಳಸಬಹುದು. ಆದರೆ ಅದರಲ್ಲಿ ಇರುವುದು ನಿಯಮ. ಅಥಾಸ್, ಟೀರ್, ಕಾಲಕ್ ಇವು ಅದರಲ್ಲಿ ಇಲ್ಲ. 2016ರಿಂದ ಡಿಎಂಸ್ ಗಿಲ್ಡ್ ಎಂಬ ಜಾಲತಾಣದಲ್ಲಿ, ಕಂಪನಿ ತೆರೆದಿಟ್ಟ ಲೋಕಗಳಿಗೆ ಅಭಿಮಾನಿಗಳು ತಾವೇ ಬರೆದು ಮಾರುವ ಅವಕಾಶ ಇದೆ, ಅಲ್ಲಿನ ಷರತ್ತುಗಳಿಗೆ ಒಪ್ಪಿದರೆ.

ಆ ಷರತ್ತು ಬೇಡ ಅನ್ನುವವರಿಗೆ ಇನ್ನೊಂದು ದಾರಿ ಉಂಟು. ಹೆಸರು, ನಕ್ಷೆ, ಬರಹ, ಚಿತ್ರ ಬೇರೆಯವರ ಸ್ವತ್ತು. ‘ಮಂತ್ರ ಹಾಕಿದರೆ ನೆಲ ಸಾಯುತ್ತದೆ’ ಅನ್ನುವ ಬರೀ ಯೋಚನೆಗೆ ಯಾರೂ ಬೇಲಿ ಹಾಕಲಾರರು. ಆ ಒಂದು ಒತ್ತಡದಿಂದ ನಿಮ್ಮದೇ ನಗರ, ನಿಮ್ಮದೇ ರಾಜರನ್ನು ಕಟ್ಟಿ. ಮೂರು ನಾಲ್ಕು ಆಟ ಆದ ಮೇಲೆ ಆಟಗಾರರ ಮಾತು ಕೇಳಿ. ಅವರು ನೀರು ಅಳೆಯುತ್ತಿದ್ದರೆ, ಮಂತ್ರ ಹಾಕುವ ಮುನ್ನ ಸುತ್ತಲೂ ಹಸಿರು ಎಷ್ಟಿದೆ ಎಂದು ಕೇಳುತ್ತಿದ್ದರೆ, ನಿಮಗೆ ಬೇಕಾದ ಡಾರ್ಕ್ ಸನ್ ಆ ಮೇಜಿನಲ್ಲಿ ಆಗಲೇ ನಡೆಯುತ್ತಿದೆ.